ದಿನಸಿ ಚೀಟಿ ಚಿಕ್ಕದಾಗಬೇಕಾದರೆ: ಮೈಸೂರು–ಮಂಡ್ಯದ ಮನೆಗಳಿಗೊಂದು ಮಾರ್ಗದರ್ಶಿ

ಮೊದಲ ಕೆಲಸಕ್ಕೆ ಗುದ್ದಲಿ ಬೇಡ, ಪೆನ್ನು ಸಾಕು. ಹೋದ ತಿಂಗಳ ದಿನಸಿ ಚೀಟಿ, ಹಾಲಿನ ಲೆಕ್ಕ, ಸೊಪ್ಪು-ತರಕಾರಿಗೆ ಕೊಟ್ಟ ಚಿಲ್ಲರೆ, ಸಿಲಿಂಡರ್, ನೀರಿನ ಬಿಲ್ಲು, ಕರೆಂಟು ಬಿಲ್ಲು ಎಲ್ಲವನ್ನೂ ಒಂದು ಹಾಳೆಗೆ ಇಳಿಸಿಕೊಳ್ಳಿ. ಮನೆಯಲ್ಲೇ ಆಗುವಂಥದ್ದಕ್ಕೆ ಒಂದು ಅಡ್ಡಗೆರೆ ಹಾಕಿ. ಸುಗ್ಗಿಯಲ್ಲಿ ಬೆಳೆದವರಿಂದಲೇ ವರ್ಷಕ್ಕಾಗುವಷ್ಟು ತರಬಹುದಾದದ್ದಕ್ಕೆ ಎರಡು ಗೆರೆ. ಅಂಗಡಿಯಿಂದ ತರದೆ ವಿಧಿಯಿಲ್ಲ ಎನ್ನುವುದನ್ನು ಹಾಗೇ ಬಿಡಿ. ಉಪ್ಪು, ಕಾಫಿಪುಡಿ, ಬೆಂಕಿಪೊಟ್ಟಣದಂಥವು ಆ ಮೂರನೆಯ ಗುಂಪಿನಲ್ಲಿ ಕೊನೆತನಕ ಉಳಿಯುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟು ಬರೆದ ಮೇಲೆ ಒಂದು ವಿಷಯ ತಾನಾಗಿ ಕಣ್ಣಿಗೆ ಬೀಳುತ್ತದೆ. 30×40 ಸೈಟಿನಲ್ಲಿ ಮನೆ ಕಟ್ಟಿಕೊಂಡವರು ಅಕ್ಕಿ, ರಾಗಿ, ಬೇಳೆ ಬೆಳೆದುಕೊಳ್ಳುವ ಮಾತೇ ಇಲ್ಲ. ಮನೆಯಲ್ಲಿ ನಾಲ್ಕು ಜನ, ದಿನಕ್ಕೆ ಒಂದು ಹೊತ್ತು ಮುದ್ದೆ, ಮುದ್ದೆಗೆ 100 ಗ್ರಾಂ ಹಿಟ್ಟು ಎಂದು ಹಿಡಿದರೂ ತಿಂಗಳಿಗೆ 12 ಕೆಜಿ, ವರ್ಷಕ್ಕೆ ಒಂದೂವರೆ ಕ್ವಿಂಟಾಲಿನ ಹತ್ತಿರ. ಅದಕ್ಕೆ ಹೊಲವೇ ಬೇಕು. ಮನೆಯಲ್ಲಿ ಆಗುವುದು ಹಗುರವಾದದ್ದು, ಬೇಗ ಬಾಡುವಂಥದ್ದು, ದಿನಾ ಬೇಕಾಗುವಂಥದ್ದು: ಸೊಪ್ಪು, ಕರಿಬೇವು, ಹಸಿಮೆಣಸಿನಕಾಯಿ, ಗೊಬ್ಬರ, ಒಂದಿಷ್ಟು ನೀರು. ಭಾರವಾದದ್ದನ್ನು, ಕೆಡದೆ ನಿಲ್ಲುವುದನ್ನು ಸುತ್ತಲಿನ ರೈತರಿಂದ ತಂದು ಚೆನ್ನಾಗಿ ಇಟ್ಟುಕೊಳ್ಳಬೇಕು. ನಮ್ಮ ಎರಡು ಜಿಲ್ಲೆಗಳಲ್ಲಿ ಭತ್ತ, ರಾಗಿ, ಕಬ್ಬು, ತೆಂಗು ಎಲ್ಲವೂ ಒಂದು ಗಂಟೆಯ ಬಸ್ಸಿನ ದೂರದಲ್ಲಿ ಬೆಳೆಯುವಾಗ ಎಲ್ಲವನ್ನೂ ಟೆರೇಸಿನ ಮೇಲೇ ಬೆಳೆಯುತ್ತೇನೆ ಎನ್ನುವ ಹಟ ಯಾಕೆ?

ಗೊಬ್ಬರದಿಂದ ಶುರು ಮಾಡಿ

ಬಹಳ ಜನ ಮೊದಲು ಕುಂಡ, ಬೀಜ ತರುತ್ತಾರೆ. ನನ್ನ ಪ್ರಕಾರ ಮೊದಲು ಗೊಬ್ಬರಕ್ಕೆ ಕೈ ಹಾಕಬೇಕು. ಅದು ತಯಾರಾಗಲು ಎರಡು ತಿಂಗಳಿಗೂ ಮಿಕ್ಕಿ ಬೇಕು. ಗೊಬ್ಬರವಿಲ್ಲದೆ ಬರೀ ಕೆಮ್ಮಣ್ಣಿನಲ್ಲಿ ಸೊಪ್ಪು ಹಾಕಿದರೆ ಗೇಣುದ್ದಕ್ಕೇ ನಿಂತು ಹೂ ಬಿಟ್ಟುಬಿಡುತ್ತದೆ.

ಹಳ್ಳಿ ಮನೆಯ ತಿಪ್ಪೆ ಮಾಡುತ್ತಿದ್ದ ಕೆಲಸವನ್ನು ಸೈಟಿನ ಮನೆಯಲ್ಲಿ ಮುಚ್ಚಳವಿರುವ ಮೂರು ಡ್ರಮ್ಮು ಮಾಡುತ್ತವೆ. 50–60 ಲೀಟರಿನದಾದರೆ ನಾಲ್ಕು ಜನರ ಮನೆಗೆ ಸರಿ. ಬುಡಕ್ಕೂ ಪಕ್ಕಕ್ಕೂ ಕಾದ ಮೊಳೆಯಿಂದ ತೂತು ಹಾಕಿ, ನೆರಳಿನಲ್ಲಿ ಇಟ್ಟಿಗೆಯ ಮೇಲೆ ಕೂರಿಸಿ, ಸೋರುವ ರಸಕ್ಕೆ ಕೆಳಗೊಂದು ಹಳೇ ತಟ್ಟೆ ಇಡಿ. ತಳಕ್ಕೆ ನಾಲ್ಕು ಬೆರಳು ದಪ್ಪ ತೆಂಗಿನ ನಾರು, ಒಣಕಡ್ಡಿ. ಅದರ ಮೇಲೆ ಅಂದಂದಿನ ತರಕಾರಿ ಸಿಪ್ಪೆ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ದೇವರಿಗೆ ಏರಿಸಿ ಬಾಡಿದ ಹೂವು. ಪ್ರತಿ ಸಲ ಹಸಿಯದು ಒಂದು ಬೊಗಸೆಯಾದರೆ ಒಣ ಎಲೆ ಎರಡು ಬೊಗಸೆ. ಇದೊಂದೇ ನಿಯಮ ತಪ್ಪದೆ ಪಾಲಿಸಿದರೆ ಮುಕ್ಕಾಲು ತೊಂದರೆ ಬರುವುದೇ ಇಲ್ಲ. ಮೊದಲ ಸಲ ಒಂದು ಲೋಟ ಹುಳಿ ಮಜ್ಜಿಗೆಯನ್ನೋ ಒಂದು ಹಿಡಿ ಹಳೇ ಗೊಬ್ಬರವನ್ನೋ ಹಾಕಿದರೆ ಕೊಳೆಯುವುದು ಬೇಗ ಶುರುವಾಗುತ್ತದೆ.

ವಾರಕ್ಕೊಮ್ಮೆ ಕೋಲಿನಿಂದ ಬುಡಮೇಲು ಮಾಡಿ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ ಸರಿಯಿದೆ. ಧಾರೆಯಾಗಿ ಇಳಿದರೆ ಒಣ ಎಲೆ ಸೇರಿಸಿ, ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಕೆಟ್ಟ ವಾಸನೆ ಬಂತೆಂದರೆ ಗಾಳಿ ಸಾಲದು, ಒದ್ದೆ ಜಾಸ್ತಿ ಎಂದೇ ಅರ್ಥ. ಬೂದು ಬಣ್ಣದ ದಪ್ಪ ಹುಳ ಕಂಡು ಹೌಹಾರಬೇಡಿ. ಅವು ಮನೆನೊಣದ ಮರಿಗಳಲ್ಲ, ಕಸವನ್ನು ನಮಗಿಂತ ಚುರುಕಾಗಿ ತಿಂದು ಮುಗಿಸುವಂಥವು. ಮೂಳೆ, ಎಣ್ಣೆ ಜಿಡ್ಡು, ಉಳಿದ ಸಾರನ್ನ ಮಾತ್ರ ಹಾಕಬೇಡಿ, ಇಲಿ ಬರುತ್ತದೆ. ಒಂದು ಡ್ರಮ್ಮು ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದನ್ನು ಹಿಡಿಯಿರಿ. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದರಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಇರುತ್ತದೆ.

ಒಣ ಎಲೆ ಎಲ್ಲಿಂದ ತರುವುದು? ಮೈಸೂರಿನಲ್ಲಿ ಇದನ್ನು ಕೇಳುವ ಹಾಗೇ ಇಲ್ಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದ ರಸ್ತೆಗಳಲ್ಲಿ ಸಂಕ್ರಾಂತಿಯಿಂದ ಯುಗಾದಿಯವರೆಗೆ ಎಲೆ ಉದುರುತ್ತಲೇ ಇರುತ್ತದೆ. ಗುಡಿಸಿ ಬೆಂಕಿ ಹಚ್ಚುವವರು ಇನ್ನೂ ಇದ್ದಾರೆ. ಅವರಿಗಿಂತ ಮೊದಲು ಚೀಲ ಹಿಡಿದು ಹೋಗಬೇಕು, ಅಷ್ಟೇ. ನಾಲ್ಕು ಗೋಣಿಚೀಲ ಒತ್ತಿ ತುಂಬಿಟ್ಟರೆ ಮಳೆಗಾಲಕ್ಕೆ ನಿಶ್ಚಿಂತೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದದ್ದು ನೆನಪಿರಬಹುದು. ಆ ಹೆಮ್ಮೆ ಇರುವವರು ಹಸಿ ಕಸವನ್ನು ಗೇಟಿನಾಚೆಗೆ ಕಳಿಸದೇ ಇರುವುದು ಇನ್ನೂ ಚೆಂದ.

ಸೊಪ್ಪಿನ ಮಡಿ

ಐದಾರು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ನೆಲದಲ್ಲಾದರೆ 3 ಅಡಿ ಅಗಲ, 10 ಅಡಿ ಉದ್ದದ ಎರಡು ಮಡಿ ಸಾಕು. ಅಗಲ ಅದಕ್ಕಿಂತ ಜಾಸ್ತಿಯಾದರೆ ನಡುವಿನ ಕಳೆಗೆ ಕೈ ಎಟುಕುವುದಿಲ್ಲ. ಟೆರೇಸಿನಲ್ಲಾದರೆ ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ ಅಗಲವಾದ ಟಬ್ಬುಗಳಲ್ಲಿ ತುಂಬಿ. ಹನ್ನೆರಡು ಇಂಚಿನ ಕುಂಡ ನೀರು ಕುಡಿದ ಮೇಲೆ 20 ಕೆಜಿ ದಾಟುತ್ತದೆ. ಆದ್ದರಿಂದ ಕುಂಡಗಳ ಸಾಲು ತೊಲೆ ಮತ್ತು ಗೋಡೆಯ ನೇರಕ್ಕೆ ಇರಲಿ, ಹಾಸಿನ ನಟ್ಟನಡುವೆ ಬೇಡ. ಸೂರು ಈಗಾಗಲೇ ಜಿನುಗುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ.

ಬೀಜದ ಪೊಟ್ಟಣ ಕೊಳ್ಳುವ ಮುಂಚೆ ದೇವರಾಜ ಮಾರುಕಟ್ಟೆಗೋ ನಿಮ್ಮ ಬೀದಿಯ ಸೊಪ್ಪಿನ ಗಾಡಿಗೋ ಹೋಗಿ, “ಅಕ್ಕ, ಬುಡ ಬಲಿತಿರೋದು ನೋಡಿ ಕೊಡಿ” ಅನ್ನಿ. ಹೊನಗೊನೆ, ಬಸಳೆ, ಪುದೀನ, ಚಕ್ರಮುನಿ, ದೊಡ್ಡಪತ್ರೆ ಇವಕ್ಕೆಲ್ಲ ಬೀಜವೇ ಬೇಡ. ಎಲೆ ಅಡುಗೆಗೆ ಬಿಡಿಸಿಕೊಂಡು, ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ಊರಿ. ಹತ್ತು ದಿನ ನೆರಳು, ದಿನಾ ಒಂದಿಷ್ಟು ನೀರು. ಗೆಣ್ಣಿನ ಬದಿಯಲ್ಲಿ ಸಾಸಿವೆಕಾಳಿನಷ್ಟು ಹಸಿರು ಉಬ್ಬು ಕಂಡಿತೋ, ಬೇರು ಹಿಡಿಯುತ್ತಿದೆ ಎಂದುಕೊಳ್ಳಿ. ಎರಡು ಕಟ್ಟು ಸೊಪ್ಪಿನ ದುಡ್ಡಿನಲ್ಲಿ ವರ್ಷಗಟ್ಟಲೆ ಕೊಯ್ಯುವ ಮಡಿ ಸಿಗುತ್ತದೆ. ನುಗ್ಗೆಯೂ ಹೀಗೇ. ಮಣಿಕಟ್ಟಿನ ದಪ್ಪದ ಕೊಂಬೆಯೊಂದನ್ನು ಯಾರಾದರೂ ಕಡಿದು ಹಾಕಿದ್ದರೆ ತಂದು ನೆಡಿ. ಗೋಡೆಯಿಂದ ದೂರವಿರಲಿ. ವರ್ಷಕ್ಕೊಮ್ಮೆ ಎದೆಮಟ್ಟಕ್ಕೆ ಸವರಿ, ಇಲ್ಲದಿದ್ದರೆ ಸೊಪ್ಪು ಆಕಾಶದಲ್ಲಿ, ನೀವು ನೆಲದಲ್ಲಿ.

ಬೀಜ ಹಾಕಿ ಬೆಳೆಯುವವು ದಂಟು, ಕೀರೆ, ಮೆಂತ್ಯ, ಪಾಲಕ್, ಸಬ್ಬಸಿಗೆ, ಕೊತ್ತಂಬರಿ. ದಂಟಿನ ಬೀಜ ತೀರಾ ಸಣ್ಣದು, ಮರಳಿನ ಜೊತೆ ಬೆರೆಸಿ ಎರಚಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಕೊತ್ತಂಬರಿಯನ್ನು ಹಾಗೇ ಹಾಕದೆ ಚಪ್ಪಲಿಯಿಂದ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಹಾಕಿ. ಮೆಂತ್ಯ ಮೂರು ವಾರಕ್ಕೆ, ದಂಟು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಇಡೀ ಮಡಿಗೆ ಒಂದೇ ದಿನ ಬಿತ್ತಬೇಡಿ. ಮಡಿಯನ್ನು ನಾಲ್ಕು ಪಾಲು ಮಾಡಿ ವಾರಕ್ಕೊಂದು ಪಾಲು ಬಿತ್ತುತ್ತ ಹೋಗಿ. ಇಲ್ಲವಾದರೆ ಒಂದು ವಾರ ಬೀದಿಗೆಲ್ಲ ಹಂಚುವಷ್ಟು ಸೊಪ್ಪು, ಮುಂದಿನ ವಾರ ಗಾಡಿಯವರ ಮುಂದೆ ನಿಲ್ಲಬೇಕು.

ಇಲ್ಲಿಯ ಮಳೆಯ ಲೆಕ್ಕ ತಿಳಿದಿರಲಿ. ಮೈಸೂರು-ಮಂಡ್ಯಕ್ಕೆ ಜೋರು ಮಳೆ ಎರಡು ಕಂತಿನಲ್ಲಿ ಬರುತ್ತದೆ: ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು. ನಡುವಿನ ಜೂನ್-ಜುಲೈ ಮೋಡ, ಗಾಳಿ, ಜಿಟಿಜಿಟಿ. ಮೇ ಮಳೆ ಬಿದ್ದ ಕೂಡಲೇ ಹೀರೆ, ಪಡವಲ, ಹಾಗಲದ ಬಳ್ಳಿಗಳಿಗೆ ಚಪ್ಪರ ಹಾಕಿ. ತೊಂಡೆ ಕಡ್ಡಿಯನ್ನೂ ಆಗಲೇ ನೆಡಬಹುದು, ಒಮ್ಮೆ ಹಿಡಿದರೆ ವರ್ಷಗಟ್ಟಲೆ ಬಿಡುತ್ತದೆ. ನಾಡ ಅವರೆಗೆ ಹಗಲು ಚಿಕ್ಕದಾದ ಮೇಲೇ ಹೂವು. ಆದ್ದರಿಂದ ಜುಲೈನಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ಬಿತ್ತಿದರೂ ಸೊಗಡಿನ ಕಾಯಿ ಕೈಗೆ ಬರುವುದು ಚಳಿಗಾಲಕ್ಕೇ. ತೀರಾ ಬೇಗ ಹಾಕಿದರೆ ಬರೀ ಬಳ್ಳಿ ಬೆಳೆದು ಪಕ್ಕದ ಮನೆಯ ಕಾಂಪೌಂಡು ಹತ್ತುತ್ತದೆ.

ತಿಂಗಳಿಗೆರಡು ಸಲ ಜೀವಾಮೃತ ಕೊಟ್ಟರೆ ಒಳ್ಳೆಯದು. ಹೊಲಕ್ಕೆ 200 ಲೀಟರಿನ ಲೆಕ್ಕ ಹೇಳುತ್ತಾರೆ. ಮನೆಗೆ ಅದರ ಹತ್ತನೇ ಒಂದು ಪಾಲು: 20 ಲೀಟರ್ ನೀರಿಗೆ ಒಂದು ಕೆಜಿ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆಹಿಟ್ಟು ಅಥವಾ ಹುರುಳಿಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು. ನೆರಳಿನಲ್ಲಿ ಗೋಣಿ ಮುಚ್ಚಿ ಎರಡು ದಿನ ಇಟ್ಟು, ಬೆಳಿಗ್ಗೆ ಸಂಜೆ ಕೋಲಾಡಿಸಿ, ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ಬುಡಕ್ಕೆ ಹಾಕಿ. ವಾರದೊಳಗೆ ಮುಗಿಸಬೇಕು. ಹಿಟ್ಟುತಿಗಣೆ, ಹೇನು ಬಂದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಕದಡಿ ಸಂಜೆ ಹೊತ್ತು ಸಿಂಪಡಿಸಿ. ಚಾಮುಂಡಿಬೆಟ್ಟದ ತಪ್ಪಲಿನ ಬಡಾವಣೆಗಳವರಿಗೆ ಕೋತಿಗಳ ಕಾಟ ಬೇರೆ. ಬಲೆ ಕಟ್ಟುವುದು ಬಿಟ್ಟು ಬೇರೆ ಉಪಾಯ ಫಲಿಸಿದ್ದನ್ನು ನಾನು ಕಂಡಿಲ್ಲ.

ಇಲ್ಲೊಂದು ಮಾತು. ಮನೆಯ ಮಡಿಯಲ್ಲಿ ಒಂದೇ ಜಾತಿಯ ಸೊಪ್ಪು ಕಟ್ಟುಗಟ್ಟಲೆ ಸಿಗುವುದು ಅಪರೂಪ. ಒಂದು ಹಿಡಿ ದಂಟು, ನಾಲ್ಕು ಎಲೆ ಬಸಳೆ, ಒಂದಿಷ್ಟು ನುಗ್ಗೆಸೊಪ್ಪು, ತಾನಾಗಿ ಹುಟ್ಟಿದ ಅಣ್ಣೆಸೊಪ್ಪು, ಗಣಿಕೆ, ಹೀಗೆ ಬುಟ್ಟಿಗೆ ಬೀಳುತ್ತದೆ. ಪಾಲಕ್ ಪನೀರೇ ಆಗಬೇಕು ಎಂದು ಕೂತರೆ ಈ ಬುಟ್ಟಿ ನಿಷ್ಪ್ರಯೋಜಕ. ಆದರೆ ಮಂಡ್ಯದ ಕಡೆಯ ಅಡುಗೆ ಇಂಥ ಬೆರಕೆ ಸೊಪ್ಪಿಗೆಂದೇ ಇದೆ: ಮಸ್ಸೊಪ್ಪು, ಬಸ್ಸಾರು, ಉಪ್ಸಾರು. ಉಪ್ಸಾರಿಗೆ ಯಾವ ಸೊಪ್ಪಾದರೂ ಸರಿ, ಒಂದು ಹಿಡಿ ತಡಗುಣಿಯನ್ನೋ ಹುರುಳಿಯನ್ನೋ ಜೊತೆಗೆ ಬೇಯಿಸಿ ಕಟ್ಟು ಬಸಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಹಿತ್ತಲು ನೋಡಿಕೊಂಡು ಅಡುಗೆ ಮಾಡುವವರ ಮನೆಯಲ್ಲಿ ಮಡಿ ಉಳಿಯುತ್ತದೆ. ಅಡುಗೆ ತೀರ್ಮಾನ ಮಾಡಿ ಆಮೇಲೆ ಹಿತ್ತಲಿಗೆ ಹೋಗುವವರ ಮಡಿ ಎರಡು ತಿಂಗಳಿಗೆ ಒಣಗುತ್ತದೆ.

ಸುಗ್ಗಿಯಲ್ಲಿ ತಂದಿಡುವುದು

ಎರಡು ಗೆರೆ ಎಳೆದ ಸಾಮಾನುಗಳಿಗೆ ಈಗ ಬರೋಣ. ದುಡ್ಡು ನಿಜವಾಗಿ ಉಳಿಯುವುದು ಇಲ್ಲಿ.

ರಾಗಿಯನ್ನು ಕಣದ ಕೆಲಸ ಮುಗಿದ ಮೇಲೆ, ಜನವರಿ-ಫೆಬ್ರವರಿಯಲ್ಲಿ ತನ್ನಿ. ಕಾಳು ಸಣ್ಣದಾದ್ದರಿಂದ ಹುಳ ಹಿಡಿಯುವುದು ಕಡಿಮೆ, ಸರಿಯಾಗಿ ಒಣಗಿದ್ದರೆ ವರ್ಷಗಟ್ಟಲೆ ನಿಲ್ಲುತ್ತದೆ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಬರಗಾಲಕ್ಕೆಂದು ತುಂಬಿಡುತ್ತಿದ್ದುದು ಇದನ್ನೇ. ನಾವೀಗ ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ ಇಟ್ಟರೆ ಸಾಕು. ಮಂಡ್ಯದ ವಿ.ಸಿ. ಫಾರಂ, ಅಂದರೆ ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರ, ರಾಗಿಗೆ ದೊಡ್ಡ ಹೆಸರು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಅಲ್ಲೇ. ತಳಿ ಯಾವುದಾದರೂ ಸರಿ, ಒಂದೆರಡು ಕಾಳು ಹಲ್ಲಿನಡಿ ಇಟ್ಟು ಕಚ್ಚಿ ನೋಡಿ. ಕಟುಕ್ಕೆಂದರೆ ಒಣಗಿದೆ, ಮೆತ್ತಗಾದರೆ ಇನ್ನೆರಡು ಬಿಸಿಲು ಬೇಕು. ತಂದ ಮೇಲೆ ಕೇರಿ, ಕಲ್ಲು ತೆಗೆದು, ಒಣಗಿಸಿ ತುಂಬಿ. ಹಿಟ್ಟನ್ನು ಮಾತ್ರ ಒಂದು ತಿಂಗಳಿಗಾಗುವಷ್ಟೇ ಮಿಲ್ಲಿನಲ್ಲಿ ಬೀಸಿಸಿಕೊಳ್ಳಿ.

ಅಕ್ಕಿಯ ಕಥೆ ಬೇರೆ. ಪಾಲಿಶ್ ಮಾಡಿದ ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರು. ರಾಜಮುಡಿಯಂಥ ಕೆಂಪಕ್ಕಿಯನ್ನು ತೌಡು ಉಳಿಸಿ ಮಿಲ್ ಮಾಡಿಸಿದರೆ, ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಮುಗ್ಗಲು ವಾಸನೆ ಬರುತ್ತದೆ, ಹುಳವೂ ಬೇಗ. ಅಂಥದ್ದನ್ನು ಎರಡು ತಿಂಗಳಿಗೆ ಆಗುವಷ್ಟೇ ತನ್ನಿ. ಭತ್ತವಾಗಿಯೇ ಇಟ್ಟುಕೊಂಡು ಬೇಕಾದಾಗ ಮಿಲ್ ಮಾಡಿಸುವ ಅನುಕೂಲ ಹಳ್ಳಿಯಲ್ಲಿದ್ದರೆ ಅದಕ್ಕಿಂತ ಬೇರೆ ಬೇಡ. ದೇಸಿ ಭತ್ತದ ರುಚಿ ಹತ್ತಿದವರು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿಗೆ ಒಮ್ಮೆ ಹೋಗಿಬರಬೇಕು. ಅಲ್ಲಿಯ ರೈತ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲಿ ಉಳಿಸಿಕೊಂಡು ಬಂದಿದ್ದಾರೆ.

ಬೆಲ್ಲಕ್ಕೆ ಮಂಡ್ಯದವರಿಗೆ ಪಾಠ ಹೇಳುವ ಧೈರ್ಯ ನನಗಿಲ್ಲ. ಮೈಸೂರಿನವರಿಗೆ ಮಾತ್ರ ಒಂದು ಮಾತು: ಆಲೆಮನೆಗೇ ಹೋಗಿ, ಕೊಪ್ಪರಿಗೆಯ ಪಕ್ಕ ನಿಂತು ನೋಡಿ ಕೊಳ್ಳಿ. ಕಬ್ಬಿನ ಹಾಲು ಕುದಿಯುವಾಗ ಕೊಳೆ ತೆಗೆಯಲು ಸುಣ್ಣ, ಬೆಂಡೆಗಿಡದ ಲೋಳೆ ಹಾಕುವುದು ಹಳೇ ಪದ್ಧತಿ. ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿದರೆ ಬೆಲ್ಲ ಹಳದಿಯಾಗಿ ಥಳಥಳಿಸುತ್ತದೆ. ಆದ್ದರಿಂದ ಕಂದು ಬಣ್ಣದ್ದನ್ನು ಆರಿಸಿ, ಬಾಯಿಗೆ ಹಾಕಿ ಉಪ್ಪುಪ್ಪು ಅನ್ನಿಸುತ್ತದೆಯೋ ನೋಡಿ. ಮಳೆಗಾಲದಲ್ಲಿ ಬೆಲ್ಲ ಬೆವರುತ್ತದೆ. ಮೇ ಮಳೆಗೆ ಮೊದಲೇ ಒಣ ಡಬ್ಬಿಗೆ ಹಾಕಿ ಮುಚ್ಚಳದ ಸುತ್ತ ಬಟ್ಟೆ ಬಿಗಿದಿಡಿ.

ಹುಣಸೆಹಣ್ಣು ಶಿವರಾತ್ರಿ-ಯುಗಾದಿಯ ನಡುವೆ ಅಗ್ಗ. ಬೀಜ, ನಾರು ತೆಗೆದು, ಒಂದು ಬಿಸಿಲು ಕಾಯಿಸಿ, ಹರಳುಪ್ಪು ಬೆರೆಸಿ ಪಿಂಗಾಣಿ ಜಾಡಿಯಲ್ಲಿ ಒತ್ತಿ ತುಂಬಿ. ಸ್ಟೀಲು, ಅಲ್ಯೂಮಿನಿಯಂ ಬೇಡ. ತೊಗರಿಬೇಳೆಗೆ ಒಂದು ಬಿಸಿಲು ಕೊಟ್ಟು, ಅಂಗೈಗೆ ಹರಳೆಣ್ಣೆ ಸವರಿಕೊಂಡು ಉಜ್ಜಿಟ್ಟರೆ ಹುಳ ಸುಳಿಯುವುದಿಲ್ಲ. ಎಣ್ಣೆಗೆ ಮರದ ಗಾಣ ಹತ್ತಿರವಿದ್ದರೆ ಕಡಲೆಬೀಜ ನೀವೇ ಒಯ್ಯಿರಿ. ಲೀಟರಿಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕಾಗುತ್ತದೆ. ಲೆಕ್ಕ ಹಾಕಿದರೆ ಪ್ಯಾಕೆಟ್ ಎಣ್ಣೆಗಿಂತ ದುಬಾರಿಯೇ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಹಿಂಡಿ ನಿಮ್ಮದು, ಅದು ಗಿಡಕ್ಕೋ ಹಸುವಿಗೋ ಆಗುತ್ತದೆ. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿಗೆ ಮಾರ್ಚ್-ಏಪ್ರಿಲಿನ ಬಿಸಿಲು ತಪ್ಪಿಸಬೇಡಿ. ಇದನ್ನೆಲ್ಲ ಮಾರಾಟದ ಮಟ್ಟಕ್ಕೆ ಒಯ್ಯಬೇಕು ಎನ್ನುವವರಿಗೆ 1950ರಿಂದ ಮೈಸೂರಿನಲ್ಲೇ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಿರು ತರಬೇತಿಗಳನ್ನು ನಡೆಸುತ್ತದೆ.

ನೀರು

ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿ ತಾರಸಿ ಅಂದರೆ 93 ಚದರ ಮೀಟರ್. ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ಐದರಲ್ಲೊಂದು ಪಾಲು ಆವಿಯಾಗಿ, ಸೋರಿ ಹೋಯಿತೆಂದು ಬಿಟ್ಟರೂ ವರ್ಷಕ್ಕೆ 60 ಸಾವಿರ ಲೀಟರ್ ಹತ್ತಿರ ನಿಮ್ಮ ತಲೆಯ ಮೇಲಿಂದಲೇ ಚರಂಡಿಗೆ ಹೋಗುತ್ತಿದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರಿಗೆ ಇದು ಮೂರೂವರೆ ತಿಂಗಳ ನೀರು. ಬರೀ ಕುಡಿಯಲು, ಅಡುಗೆಗೆ ಎಂದರೆ ಇಡೀ ವರ್ಷಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಎಲ್ಲವನ್ನೂ ಹಿಡಿದಿಡಲು ಹೋಗಬೇಡಿ, ಅಷ್ಟು ದೊಡ್ಡ ಸಂಪು ಕಟ್ಟಿಸುವ ಖರ್ಚು ಗಿಟ್ಟುವುದಿಲ್ಲ. ಸಾವಿರ ಲೀಟರಿನ ಒಂದು ಟ್ಯಾಂಕಿನಿಂದ ಶುರು ಮಾಡಿ. ಅದು ತುಂಬಲು 13–14 ಮಿಲಿಮೀಟರ್ ಮಳೆ, ಅಂದರೆ ಒಂದು ಸಂಜೆಯ ಗುಡುಗು ಮಳೆ ಸಾಕು. ಏಪ್ರಿಲ್ ಮುಗಿಯುವ ಮೊದಲು ತಾರಸಿ ಗುಡಿಸಿ ತೊಳೆಯಿರಿ. ಇಳಿಕೊಳವೆಗೆ T ಆಕಾರದ ಒಂದು ಕವಲು ಕೊಳವೆ ಜೋಡಿಸಿ, ಮೊದಲ ಕೊಳೆನೀರು ನೂರು ಲೀಟರಿನ ಹಳೇ ಡ್ರಮ್ಮಿಗೆ ಹೋಗಿ, ಅದು ತುಂಬಿದ ಮೇಲೆ ಮುಂದಿನ ನೀರು ಸೋಸುವ ತೊಟ್ಟಿಗೆ ಬರುವ ಹಾಗೆ ಮಾಡಿಸಿ. ಸೋಸಲು ದಪ್ಪ ಜಲ್ಲಿ, ಸಣ್ಣ ಜಲ್ಲಿ, ಇದ್ದಿಲು, ಮರಳು, ಮೇಲೊಂದು ನೈಲಾನ್ ಜಾಲರಿ. ಟ್ಯಾಂಕಿಗೆ ಬೆಳಕೂ ಸೊಳ್ಳೆಯೂ ಹೋಗಬಾರದು. ತೂಬಿನ ಬಾಯಿಗೂ ಜಾಲರಿ ಕಟ್ಟಿ. ಡೆಂಗಿ ಸೊಳ್ಳೆ ಹುಟ್ಟುವುದು ಇಂಥ ತಿಳಿನೀರಿನಲ್ಲೇ. ಕುಡಿಯುವುದಾದರೆ ಕಾಯಿಸಿ ಕುಡಿಯಿರಿ. ಬೋರ್‌ವೆಲ್ ನೀರಿನ ಮನೆಯವರು ಒಂದು ಸಲ ಮಳೆನೀರಿನಲ್ಲಿ ತೊಗರಿಬೇಳೆ ಬೇಯಿಸಿ ನೋಡಿ, ಕುಕ್ಕರಿನ ಒಂದೆರಡು ಕೂಗು ಕಡಿಮೆಯಾಗುತ್ತದೆ. ಗಡಸು ನೀರಿಗೂ ಮೆದು ನೀರಿಗೂ ಇರುವ ವ್ಯತ್ಯಾಸ ಅದು. ಟ್ಯಾಂಕು ತುಂಬಿ ಉಕ್ಕಿದ ನೀರನ್ನು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡಿ.

ಬಚ್ಚಲ ನೀರಿಗೆ ಬಾಳೆ, ಕೆಸ. ಹಿಂದಿನವರು ಬೇರೆ ಏನನ್ನೂ ಮಾಡಲಿಲ್ಲ, ನಾವೂ ಮಾಡಬೇಕಿಲ್ಲ. ಸೊಪ್ಪಿನ ಮಡಿಗೆ ಮಾತ್ರ ಆ ನೀರು ಬೇಡ.

ತಿಕ್ಕುವುದು, ತೊಳೆಯುವುದು

ಚೀಟಿಯಲ್ಲಿ ಅರಿವಿಲ್ಲದೆ ಬೆಳೆಯುವ ಸಾಲುಗಳು ಇವು: ನೆಲಕ್ಕೊಂದು, ಪಾತ್ರೆಗೊಂದು, ಬಟ್ಟೆಗೊಂದು, ಬಾತ್‌ರೂಮಿಗೊಂದು ಬಾಟಲಿ. ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆಗಳನ್ನು ಗೊಬ್ಬರದ ಡ್ರಮ್ಮಿಗೆ ಹಾಕದೆ ಬೇರೆ ತೆಗೆದಿಡಿ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು ತೂಕದ ಲೆಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಕಾಲು ಭಾಗ ಖಾಲಿ ಬಿಟ್ಟು ಮುಚ್ಚಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗಾಜಿನ ಬಾಟಲಿಯಲ್ಲಿ ಬಿಗಿದಿಟ್ಟರೆ ಸಿಡಿಯುತ್ತದೆ. ಮೂರು ತಿಂಗಳಿಗೆ ಸೋಸಿದರೆ ನೆಲ ಒರೆಸಲು, ಸಿಂಕು ತಿಕ್ಕಲು ಆಗುವ ದ್ರಾವಣ ಸಿದ್ಧ. ಬಟ್ಟೆಗೆ ಅಂಟುವಾಳ: ಹತ್ತು-ಹನ್ನೆರಡು ಕಾಯಿ ಬೀಜ ತೆಗೆದು, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಕಿವುಚಿ ಸೋಸಿ. ರೇಷ್ಮೆ ಸೀರೆಗಂತೂ ಇದಕ್ಕೆ ಸಮ ಇಲ್ಲ. ಗಾರೆ ಕೆಲಸದವರ, ಮೆಕ್ಯಾನಿಕ್‌ಗಳ ಬಟ್ಟೆಗೆ ಇದು ಸಾಲದು, ಅಲ್ಲಿ ಸೋಪೇ ಸರಿ.

ಕರೆಂಟು, ಒಲೆ

ಸೌರ ಫಲಕದ ಜಾಹೀರಾತು ನೋಡಿ ಮೊದಲು ಅದಕ್ಕೇ ದುಡ್ಡು ಹಾಕುವವರಿದ್ದಾರೆ. ಅದಕ್ಕೆ ಮುಂಚೆ ನಿಮ್ಮ ಬಿಲ್ಲು ತೆಗೆದು ನೋಡಿ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ, ಉಚಿತ. ಆ ಮಿತಿಯೊಳಗೇ ಇರುವ ಮನೆಗೆ ಸೌರ ಫಲಕದಿಂದ ಉಳಿಯುವ ದುಡ್ಡು ಅಷ್ಟಕ್ಕಷ್ಟೆ. ಅಂಥವರು ಸೋಲಾರ್ ನೀರು ಕಾಯಿಸುವ ಉಪಕರಣ ಹಾಕಿಸಿದರೆ ಸಾಕು. ಬೇಸಿಗೆಯಲ್ಲಿ ಎಸಿ ಹಾಕುವ, ತಿಂಗಳಿಗೆ ಮುನ್ನೂರು ಯೂನಿಟ್ ದಾಟುವ ಮನೆಯವರ ಲೆಕ್ಕ ಬೇರೆ. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಬರುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಗಿದೆ. ಅರ್ಜಿ ಹಾಕುವ ಮೊದಲು ಈಗಿನ ದರ, ನಿಯಮಗಳನ್ನು ಚೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮಾರುವವರು ಬಾಯಿ ಬಿಟ್ಟು ಹೇಳದ ಒಂದು ಸಂಗತಿ: ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಫಲಕಗಳು ಕರೆಂಟು ಹೋದಾಗ ತಾವೂ ನಿಲ್ಲುತ್ತವೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲೆಂದೇ ಆ ವ್ಯವಸ್ಥೆ.

ಹಳ್ಳಿಯಲ್ಲಿ ನಾಲ್ಕೈದು ರಾಸು ಕಟ್ಟಿರುವವರಿಗೆ ಗೋಬರ್ ಗ್ಯಾಸ್ ಈಗಲೂ ಒಳ್ಳೆಯದೇ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಒಂದೇ ಹಸು ಇದ್ದವರು ಆ ಆಸೆ ಬಿಡಿ. ನಗರದಲ್ಲಿ ಕೋಳಿ, ಕುರಿ ಸಾಕುವ ಮೊದಲು ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ. ಹುಂಜ ಬೆಳಗಿನ ನಾಲ್ಕಕ್ಕೇ ಕೂಗುತ್ತದೆ.

ಬೀಜ

ಒಂದು ವರ್ಷ ಮಡಿ ನಿಂತ ಮೇಲೆ ಬೀಜಕ್ಕೆ ಕೈ ಹಾಕಿ. ಹೈಬ್ರಿಡ್ ಹಣ್ಣಿನ ಬೀಜ ತೆಗೆದಿಟ್ಟರೆ ಮುಂದಿನ ಸಲ ತಾಯಿಯಂಥ ಗಿಡ ಬರುವುದಿಲ್ಲ. ಹಾಗಾಗಿ ಮೊದಲಿಂದಲೇ ನಾಟಿ ತಳಿ ತನ್ನಿ. ಮೈಸೂರಿನ ಈರನಗೆರೆ ಬದನೆ ಅಂಥದ್ದೊಂದು. ನಂಜರಾಜ ಬಹದ್ದೂರ್ ಛತ್ರದಲ್ಲಿ ಸಾವಯವ ರೈತರ ಸಂಘಟನೆಯಾದ ಸಹಜ ಸಮೃದ್ಧದವರು ನಡೆಸುವ ಬೀಜದ, ಗೆಡ್ಡೆ-ಗೆಣಸಿನ ಮೇಳಗಳಲ್ಲಿ ರೈತರೇ ಬೀಜ ತಂದಿರುತ್ತಾರೆ. ಬೆಳೆದವರನ್ನೇ ಕೇಳಿ ಕೊಳ್ಳಬಹುದು. ನಾಗನಹಳ್ಳಿಯ ಸಾವಯವ ಕೃಷಿ ಸಂಶೋಧನಾ ಕೇಂದ್ರ, ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ವಿಚಾರಿಸಿ.

ಗಿಡದಲ್ಲಿ ಮೊದಲು ಬಿಟ್ಟ ಒಳ್ಳೆಯ ಕಾಯಿಗೆ ದಾರ ಕಟ್ಟಿ, ಮನೆಯವರೆಲ್ಲರಿಗೂ ಹೇಳಿಬಿಡಿ, ಇಲ್ಲವಾದರೆ ಅದು ಆ ದಿನದ ವಾಂಗೀಬಾತಿಗೆ ಹೋಗುತ್ತದೆ. ಬದನೆ ಗಿಡದಲ್ಲೇ ಹಳದಿಯಾಗಿ ಮೆತ್ತಗಾಗಬೇಕು. ಟೊಮೆಟೊ ಬೀಜವನ್ನು ಲೋಳೆಯ ಸಮೇತ ಲೋಟದಲ್ಲಿ ಎರಡು-ಮೂರು ದಿನ ಹುಳಿಯಲು ಬಿಟ್ಟು ತೊಳೆದರೆ ಲೋಳೆ ಬಿಡುತ್ತದೆ. ಅವರೆ, ತಡಗುಣಿ ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನಲಿ. ಎಲ್ಲವನ್ನೂ ನೆರಳಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ಬೇವಿನ ಎಲೆಯ ಜೊತೆ ಸಣ್ಣ ಡಬ್ಬಿಗಳಲ್ಲಿಡಿ. ಮೇಲೆ ಹೆಸರು, ತಿಂಗಳು, ವರ್ಷ ಬರೆಯಿರಿ. ಬದನೆ, ಟೊಮೆಟೊ ಬೀಜ ಮೂರು-ನಾಲ್ಕು ವರ್ಷವಾದರೂ ಮೊಳೆಯುತ್ತದೆ. ಈರುಳ್ಳಿ ಬೀಜ ಒಂದು ವರ್ಷ ದಾಟಿದ್ದರೆ ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡದೆ ಬಿತ್ತಬೇಡಿ.